ದಿನ ಸಿಗದ ಆಕಾಶದೇವಿ

ಡಾಕ್ಟರು ಹೇಳಿದ ತಾರೀಖು ದಾಟಿ ಎರಡು ದಿನವಾದರೂ ಮಗಳಿಗೆ ನೋವು ಶುರುವಾಗಿರಲಿಲ್ಲ. ಚೊಚ್ಚಲ ಹೆರಿಗೆಗೆಂದು ಚೆಂಬೂರಿನ ನಮ್ಮ ಮನೆಗೆ ಬಂದಿದ್ದಳು. ರಿಫೈನರಿಯ ಕೆಲಸದಿಂದ ನಿವೃತ್ತನಾಗಿದ್ದ ನನಗೆ ಬೇರೆ ಉದ್ಯೋಗವಿರಲಿಲ್ಲ. ಬೆಳಗ್ಗೆ ಎದ್ದವನೇ ಅವಳ ಬಾಗಿಲಲ್ಲಿ ನಿಂತು "ಏನರ ಆತೇನವಾ?" ಎನ್ನುತ್ತಿದ್ದೆ. ಮಧ್ಯಾಹ್ನ ಮತ್ತೆ ಅದೇ ಪ್ರಶ್ನೆ.

"ಒಂದ ಕಡೆ ಕೂಡ್ರಿ. ನಿಮ್ಮನ್ನ ನೋಡಿ ನನಗ ತಲಿ ತಿರಗತದ," ಎಂದು ಹೆಂಡತಿ ಗದರಿಸುತ್ತಿದ್ದಳು.

ಆ ಸಂಜೆ ಮಗಳು ಬಿಲ್ಡಿಂಗಿನ ಟೆರೇಸಿನಲ್ಲಿ ಅಡ್ಡಾಡಬೇಕೆಂದಳು. ಜೊತೆಗೆ ಹೋದೆ. ಅವಳು ಶಾಲೆಯಲ್ಲಿ ಇತಿಹಾಸ ಕಲಿಸುವವಳು. ನೀರಿನ ಟ್ಯಾಂಕಿನ ಪಕ್ಕ ನಿಂತು, ಸೊಂಟಕ್ಕೆ ಕೈಕೊಟ್ಟು, ಮೇಲೆ ನೋಡಿದಳು.

"ಪಪ್ಪಾ, ಈಜಿಪ್ಟ್‌ನಾಗ ಆಕಾಶ ಹೆಂಗಸು. ನುಟ್ ಅಂತ. ಧರತೀ ಅಂದ್ರ ಗಂಡಸು."

ಭೂಮಿಯೇ ತಾಯಿ ಎಂದು ನಂಬಿದ ನನಗೆ ವಿಚಿತ್ರವೆನಿಸಿತು. ಅವಳು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಕಥೆ ಹೇಳಿದಳು. ಭೂಮಿಯ ಮೇಲೆ ಕೈಕಾಲೂರಿ ಬಾಗಿ ನಿಂತ ಆ ದೇವಿಯ ಮೈಯೇ ಆಕಾಶ, ಮೈತುಂಬ ನಕ್ಷತ್ರ. ಭೂಮಿಯಿಂದ ಅವಳು ಬಸುರಾದಾಗ ಸೂರ್ಯದೇವನಿಗೆ ಸಿಟ್ಟು ಬಂತು. ವರ್ಷದ ಯಾವ ದಿನವೂ ನಿನಗೆ ಹೆರಿಗೆಯಾಗದಿರಲಿ ಎಂದು ಶಪಿಸಿದ.

"ಯಾವ ದಿನಾನೂ ಇಲ್ಲಾ? ಮತ್ತ ಆಕಿ ಏನ್ ಮಾಡಿದ್ಲು?"

"ಹೊಟ್ಟಿ ಹೊತ್ಕೊಂಡು ನಿಂತ್ಲು. ಔರ್ ಕ್ಯಾ?"

ಕೊನೆಗೆ ಜ್ಞಾನದ ದೇವರು ಚಂದ್ರನೊಡನೆ ಪಗಡೆಯಂಥ ಆಟವಾಡಿ, ಅವನ ಬೆಳಕಿನಲ್ಲಿ ಒಂದಿಷ್ಟು ಗೆದ್ದು, ಅದರಿಂದ ಯಾವ ತಿಂಗಳಿಗೂ ಸೇರದ, ಶಾಪ ತಟ್ಟದ ಐದು ದಿನ ಮಾಡಿಕೊಟ್ಟನಂತೆ. ಆ ಐದು ದಿನಗಳಲ್ಲಿ ಅವಳು ಐದು ಮಕ್ಕಳನ್ನು ಹೆತ್ತಳು.

ಕಥೆ ಮುಗಿದರೂ ನನ್ನ ತಳಮಳ ಇಳಿಯಲಿಲ್ಲ. "ನಾಳೆ ಡಾಕ್ಟರಿಗೆ ನಾನ ಫೋನ್ ಮಾಡ್ಲೇನು?" ಎಂದೆ.

ಅವಳ ಮುಖ ಕೆಂಪಾಯಿತು. "ಪಪ್ಪಾ, ಆ ಸೂರ್ಯ ನೀವs! ರೋಜ್ ಬಾಗಿಲಿಗೆ ಬಂದು ಕೇಳ್ತೀರಿ. ನೀವು ಕೇಳಿದ್ರ ಇಡೀ ದಿನ ಖರಾಬ್ ಆಗತದ. ಮುಝೇ ಭೀ ಡರ್ ಲಗ್ತಾ ಹೈ." ಅಳತೊಡಗಿದಳು.

ಅವಳಿಗೂ ಹೆದರಿಕೆಯಿರಬಹುದೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿದ್ದರೆ ಕೇಳಿಬಿಡುತ್ತೇನೆಂದು ಮರುದಿನದಿಂದ ಬೆಳಗ್ಗೆಯೇ ಹೊರಬಿದ್ದೆ. ಯಾವ ಬಸ್ಸು ಬಂತೋ ಅದನ್ನು ಹತ್ತಿ ಸುತ್ತುತ್ತಿದ್ದೆ. ಮೂರನೆಯ ದಿನ ಸಾಂತಾಕ್ರೂಜಿನಲ್ಲಿ ಚಹಾ ಕುಡಿಯುತ್ತಿದ್ದಾಗ ಹೆಂಡತಿಯ ಫೋನು ಬಂತು. "ಬ್ಯಾನಿ ರಾತ್ರಿಯಿಂದನ ಇದ್ದುವಂತ, ಈಗ ಜೋರ ಆಗ್ಯಾವು. ಸಯನ್‌ದಾಗಿನ ನರ್ಸಿಂಗ್ ಹೋಮಿಗೆ ಹೊಂಟೇವಿ."

ಚಹಾ ಅಲ್ಲೇ ಬಿಟ್ಟು ರಿಕ್ಷಾ ಹತ್ತಿದೆ. ಟ್ರಾಫಿಕ್ಕಿನಲ್ಲಿ ಅದು ತೆವಳುವುದನ್ನು ತಾಳಲಾರದೆ ನಡುವೆಯೇ ಇಳಿದು, ಉಳಿದ ದಾರಿಯನ್ನು ನಡೆದೆ, ಅಲ್ಲಲ್ಲಿ ಓಡಿದೆ. ಮುಟ್ಟುವಷ್ಟರಲ್ಲಿ ಮೊಮ್ಮಗಳು ಹುಟ್ಟಿಯಾಗಿತ್ತು. ಮಗಳು ದಣಿದು ಕಣ್ಣು ಮುಚ್ಚಿದ್ದಳು. ಹೆಂಡತಿ ಕೂಸನ್ನು ನನ್ನ ಕೈಗಿಟ್ಟಳು.

ಕೂಸು ಬಿಕ್ಕಳಿಸಿತು. ಮತ್ತೆ ಬಿಕ್ಕಳಿಸಿತು. ನಾನು ಗಾಬರಿಯಾಗಿ "ಸಿಸ್ಟರ್! ಸಿಸ್ಟರ್!" ಎಂದು ಕೂಗಿದೆ.

ನರ್ಸು ಓಡಿಬಂದು ನೋಡಿ, ಕುರ್ಚಿ ತೋರಿಸಿ ನಕ್ಕಳು. "ಹಿಚಕೀ ಹೈ, ಬಾಬಾ. ಬೈಠ್ ಜಾವೋ."