ಹೆಸರು ಅಳಿಸದ ಭಾಗ್ಯಕ್ಕ

ಭಾಗ್ಯಕ್ಕ ಯಾವ ಊರಿನ ಯಾವ ಕಟ್ಟಡಕ್ಕೆ ಕೆಲಸಕ್ಕೆ ಹೋದರೂ ಮೊದಲು ಕಂಪ್ಯೂಟರಿನ ಹತ್ತಿರ ಹೋಗುತ್ತಿರಲಿಲ್ಲ, ಜನರೇಟರಿನ ಹತ್ತಿರ ಹೋಗುತ್ತಿದ್ದರು. ಹಣೆಯಲ್ಲಿ ಕಾಸಗಲ ಕುಂಕುಮ, ಹೆಗಲಲ್ಲಿ ಬಟ್ಟೆಯ ಚೀಲ, ಎಡಗೈಗೆ ಗಂಡಸರ ವಾಚು. ವಾಚ್‌ಮನ್ನನ್ನು ಕರೆದು ಮೇನ್ ಸ್ವಿಚ್ ಆರಿಸಲು ಹೇಳುತ್ತಿದ್ದರು. ಜನರೇಟರು ಕೆಮ್ಮಿ, ಕರಿಹೊಗೆ ಬಿಟ್ಟು, ಎರಡು ಸಲ ಮುನಿಸಿಕೊಂಡು ಕೊನೆಗೆ ಹಿಡಿದುಕೊಳ್ಳುವವರೆಗೂ ವಾಚಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ನಮ್ಮ ಆಸ್ಪತ್ರೆಗೆ ಮೊದಲ ಸಲ ಬಂದಾಗಲೂ ಹಾಗೆಯೇ ಮಾಡಿದರು. ಆಪರೇಷನ್ ಇಲ್ಲದ ಹೊತ್ತು ಯಾವುದೆಂದು ಕೇಳಿ ತಿಳಿದುಕೊಂಡೇ ಮಾಡಿದರು ಅನ್ನಿ. ಆದರೂ ದೊಡ್ಡ ಡಾಕ್ಟರಿಗೆ ಸಿಟ್ಟು ಬಂತು. "ಕಂಪ್ಯೂಟರ್ ರಿಪೇರಿಗೆ ಕರೆಸಿದರೆ ಈಯಮ್ಮ ಡೀಸೆಲ್ ಮುಂದೆ ನಿಂತಿದ್ದಾರಲ್ಲ" ಎಂದರು. ಭಾಗ್ಯಕ್ಕ ತಿರುಗಿಯೂ ನೋಡದೆ, "ಒಸಿ ಸುಮ್ಕಿರಿ ಸಾ, ಎಣಿಸ್ತಾ ಇವ್ನಿ" ಎಂದರು. ಡಾಕ್ಟರು ಸುಮ್ಮನಾದರು. ಅವರನ್ನು ಸುಮ್ಮನಿರಿಸಿದ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ.

ನಾನು ಮದ್ದೂರಿನವನು. ನಮ್ಮಪ್ಪ ಲಾರಿ ಮೆಕ್ಯಾನಿಕ್ ಆಗಿದ್ದರು. ನಾನು ಮಂಡ್ಯದ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ತೆಗೆದ ಎಕ್ಸ್‌ರೇ, ಸ್ಕ್ಯಾನಿನ ಚಿತ್ರಗಳು ಸರ್ವರಿನ ಒಳಗೆ ಇರುವುದಿಲ್ಲ. ಪಕ್ಕದ ಕೋಣೆಯಲ್ಲಿ ಬೀರುವಿನಷ್ಟು ದೊಡ್ಡ ಸ್ಟೋರೇಜ್ ಪೆಟ್ಟಿಗೆಯಿದೆ, ಅದರ ತುಂಬ ಡಿಸ್ಕುಗಳು. ಅಲ್ಲಿಂದ ಸರ್ವರಿಗೆ ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಫೈಬರ್ ಕೇಬಲ್ಲು ಬರುತ್ತದೆ. ಆ ಕೇಬಲ್ಲು ಬಂದು ಸೇರುವ ಕಾರ್ಡಿಗೆ ಅಡಾಪ್ಟರ್ ಎನ್ನುತ್ತಾರೆ, ಆ ಕಾರ್ಡನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದರಲ್ಲಿ ಹತ್ತಾರು ಸೆಟ್ಟಿಂಗುಗಳು. ಅವನ್ನು ಜಾಗಕ್ಕೆ ತಕ್ಕಂತೆ ಕೂರಿಸುವುದೇ ಭಾಗ್ಯಕ್ಕನ ಕೆಲಸ. ಪಾಲಿಟೆಕ್ನಿಕ್ಕಿನಲ್ಲಿ ಓದಿ, ಮಂಡ್ಯದ ಒಂದು ಸಣ್ಣ ಕಂಪನಿ ಸೇರಿ, ಮಳವಳ್ಳಿ, ಭಾರತೀನಗರ, ಮದ್ದೂರು ಎಂದು ಬಸ್ಸಿನಲ್ಲೇ ಸುತ್ತುತ್ತಿದ್ದರು.

ಆ ಸೆಟ್ಟಿಂಗುಗಳಲ್ಲಿ ಒಂದರ ಮೇಲೆ ಅವರಿಗೆ ಎಲ್ಲಿಲ್ಲದ ಗಮನ. ಕೇಬಲ್ಲಿನ ಆಚೆ ತುದಿಯ ಡಿಸ್ಕು ಇದ್ದಕ್ಕಿದ್ದಂತೆ ಕಾಣದಾದರೆ ಎಷ್ಟು ಸೆಕೆಂಡು ಕಾಯಬೇಕು? ಎಷ್ಟು ಕಾದ ಮೇಲೆ ಅದು ಹೋಯಿತು ಎಂದು ಬರೆದುಕೊಳ್ಳಬೇಕು? ಸರ್ವರಿಗೆ ಬ್ಯಾಟರಿಯ ಆಸರೆ ಇರುತ್ತದೆ, ಡಿಸ್ಕಿನ ಪೆಟ್ಟಿಗೆಗೆ ಇರುವುದಿಲ್ಲ. ಕರೆಂಟು ಹೋಗಿ ಜನರೇಟರು ಹಿಡಿಯುವಷ್ಟರಲ್ಲಿ ಡ್ರೈವರು ಅವಸರಪಟ್ಟು ಡಿಸ್ಕಿನ ಹೆಸರು ಹೊಡೆದುಹಾಕಿದರೆ, ಕರೆಂಟು ಬಂದ ಮೇಲೂ ಡಿಸ್ಕು ಅಲ್ಲೇ ಮಿಣಮಿಣ ಎನ್ನುತ್ತಿದ್ದರೂ ಸರ್ವರಿಗೆ ಅದು ಯಾರೋ ಏನೋ. ಜನರೇಟರಿನ ಮುಂದೆ ನಿಂತು ಎಣಿಸುತ್ತಿದ್ದದ್ದು ಇದಕ್ಕಾಗಿ.

ಅವರ ಗಂಡನ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಹನಕೆರೆಯ ಕಡೆ ಅವರ ಮನೆ. ಗಂಡ ಕೆಂಪರಾಜು ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಡೈರಿಯ ಜಗುಲಿಯ ಮೇಲಿಟ್ಟು, ಎತ್ತಲೋ ಹೋದವರು ಬರಲಿಲ್ಲ. ಜಗಳವಿರಲಿಲ್ಲ, ಕಾಯಿಲೆಯಿರಲಿಲ್ಲ. ಮಗಳು ಆಗ ಪ್ರೈಮರಿ ಸ್ಕೂಲು. ಭಾಗ್ಯಕ್ಕನ ಕೈಯಲ್ಲಿದ್ದದ್ದು ಅವರು ಬಿಟ್ಟುಹೋದ ವಾಚು. ಸ್ಟೇಷನ್ನು, ಪೇಪರು, ಶಾಸ್ತ್ರ ಕೇಳುವುದು, ಎಲ್ಲ ಆಯಿತು. ವರ್ಷಗಳು ಉರುಳಿದವು. ಊರಿನಲ್ಲಿ ಗೌರಿಹಬ್ಬಕ್ಕೆ ಅರಿಸಿನ ಕುಂಕುಮಕ್ಕೆ ಕೆಲವರು ಕರೆಯುತ್ತಿದ್ದರು, ಕೆಲವರು ಯಾವುದಕ್ಕೂ ಇರಲಿ ಎಂದು ಬಿಡುತ್ತಿದ್ದರು. ಕರೆದರೆ ಹೋಗಿ ಬರುತ್ತಿದ್ದರು. ಕರೆಯದವರನ್ನು ಯಾಕೆಂದು ಕೇಳುತ್ತಿರಲಿಲ್ಲ. ಕುಂಕುಮ ಮಾತ್ರ ಒಂದು ದಿನವೂ ಸಣ್ಣದಾಗಲಿಲ್ಲ. ನಮ್ಮ ಅಮ್ಮಿಗೆ ಅವರೆಂದರೆ ತುಂಬ ಅಕ್ಕರೆ. "ಗಂಡ ಸತ್ತರೆ ಅಳಬಹುದು, ಇದ್ದರೆ ಬೈಯಬಹುದು, ಆ ಹೆಣ್ಣಿಗೆ ಎರಡೂ ಇಲ್ಲ" ಎನ್ನುತ್ತಿದ್ದರು.

ಮಳವಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಭಾಗ್ಯಕ್ಕನ ಜೊತೆ ನಾನೂ ಒಂದು ಸಲ ಹೋಗಿದ್ದೆ. ಚಿಕ್ಕ ಜಾಗ, ಒಂದೇ ಕೇಬಲ್ಲು, ಅಜ್ಜನ ಕಾಲದ ಜನರೇಟರು. ಕರೆಂಟು ಹೋದಾಗಲೆಲ್ಲ ಸರ್ವರು ಡಿಸ್ಕನ್ನು ಕೈಬಿಟ್ಟು ಕೂರುತ್ತಿತ್ತು. ಹೊರಗೆ ಬೆಂಚಿನ ಮೇಲೆ ಬಸುರಿ ಹೆಂಗಸರು ನೀರು ಕುಡಿದು ಕುಡಿದು ಕಾಯುತ್ತಿದ್ದರು. ಕಾರ್ಡು ಮಾಡಿದ ಕಂಪನಿಯ ಹುಡುಗ ಫೋನಿನಲ್ಲಿ, ಡೀಫಾಲ್ಟ್ ಏನಿದೆಯೋ ಅದನ್ನೇ ಬಿಡಿ ಎಂದ. ಭಾಗ್ಯಕ್ಕ ಫೋನನ್ನು ನನ್ನ ಕೈಗೆ ಕೊಟ್ಟು, "ಡೀಫಾಲ್ಟ್ ಅಂದ್ರೆ ಊರ್ಗೆಲ್ಲ ಒಂದೇ ಅಳ್ತೆ ಚಪ್ಲಿ ಕಣ್ಲಾ ನಯಾಜು. ಆ ಉಡ್ಗನ್ ತಪ್ಪಲ್ಲ ಬುಡು, ಅವ್ನು ಈ ಜನರೇಟ್ರ ನೋಡಿಲ್ಲ" ಎಂದರು. ಜನರೇಟರು ತೆಗೆದುಕೊಂಡ ಹೊತ್ತಿನ ಎರಡರಷ್ಟು ಕಾಯಲು ಡ್ರೈವರಿಗೆ ಹೇಳಿದರು. ಮೇನ್ ಆರಿಸಿ ನೋಡಿದೆವು. ಪರದೆ ಕೊಂಚ ಹೊತ್ತು ಉಸಿರು ಹಿಡಿದಂತೆ ನಿಂತಿತು, ಕರೆಂಟು ಬಂತು, ಬಿಟ್ಟಲ್ಲಿಂದಲೇ ಮುಂದೆ ನಡೆಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಬಹಳ ಗೆಲುವಾಗಿದ್ದರು. "ಕಾಯಕ್ಕೆ ಬಂದ್ರೆ ಅರ್ಧ ರಿಪೇರಿ ಆದಂಗೆ" ಎಂದರು.

ಆ ಗೆಲುವು ನಮ್ಮ ಆಸ್ಪತ್ರೆಯಲ್ಲಿ ಅವರಿಗೆ ಮುಳುವಾಯಿತು. ಅದೇ ಉತ್ಸಾಹದಲ್ಲಿ ನಮ್ಮ ಸರ್ವರಿಗೂ ಹಾಗೆಯೇ ಉದ್ದ ಕಾಯುವ ಸೆಟ್ಟಿಂಗು ಹಾಕಿದ್ದರು. ನಮ್ಮಲ್ಲಿ ಕೇಬಲ್ಲು ಎರಡು, ದಾರಿ ಎರಡು. ಒಂದು ಕೆಟ್ಟರೆ ಇನ್ನೊಂದರಲ್ಲಿ ಹೋಗಬೇಕು. ಒಂದು ಮಧ್ಯಾಹ್ನ ಸೀಲಿಂಗಿನ ಕೆಲಸದವರ ಏಣಿ ತಗುಲಿ ಒಂದು ಕೇಬಲ್ಲು ತುಂಡಾಯಿತು. ಡ್ರೈವರು ಆ ತುಂಡಾದ ದಾರಿಯಲ್ಲೇ ಡಿಸ್ಕು ಮತ್ತೆ ಬಂದೀತು ಎಂದು ಕಾಯುತ್ತ ಕುಳಿತಿತು. ಪಕ್ಕದಲ್ಲಿ ಒಳ್ಳೆಯ ದಾರಿ ಬಿದ್ದಿದ್ದರೂ ಕೈಯಲ್ಲಿದ್ದ ಕೆಲಸವನ್ನು ಅತ್ತ ದಾಟಿಸಲಿಲ್ಲ. ಆ ಹೊತ್ತಿಗೆ ಸರಿಯಾಗಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರೊಬ್ಬರನ್ನು ಕರೆತಂದಿದ್ದರು. ಸ್ಕ್ಯಾನ್ ತೆಗೆದರೂ ಚಿತ್ರ ಡಾಕ್ಟರ ಪರದೆಗೆ ಬರುತ್ತಿಲ್ಲ. ಕೊನೆಗೆ ಡಾಕ್ಟರು ಸ್ಕ್ಯಾನಿಂಗ್ ಕೋಣೆಗೇ ಓಡಿ ಯಂತ್ರದ ಮೇಲೆಯೇ ಚಿತ್ರ ನೋಡಿದರು. ಆ ಮನುಷ್ಯ ಉಳಿದುಕೊಂಡ.

ಭಾಗ್ಯಕ್ಕ ಮದ್ದೂರಿನಿಂದ ಓಡೋಡಿ ಬಂದರು. ಏಣಿಯವರನ್ನು ಬೈಯಬಹುದಿತ್ತು, ನನ್ನ ಮೇಲೆ ಹಾಕಬಹುದಿತ್ತು. ಅವರು ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ನಿಂತರು.

"ತಪ್ಪು ನಂದೇ ಸಾ. ಒಂದೇ ದಾರಿ ಇರೋ ಕಡೆ ಮಾಡಿದ್ನ ಎರಡು ದಾರಿ ಇರೋ ಕಡೆ ತಂದು ಮಾಡ್ಬುಟ್ಟೆ. ಇನ್ನೊಂದು ದಾರಿ ಇರುವಾಗ ಕಾಯ್ಕಂಡ್ ಕೂರೋದು ತಪ್ಪು."

ಅವತ್ತು ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸೆಟ್ಟಿಂಗುಗಳನ್ನು ಬೇರೆಬೇರೆಯಾಗಿ ತೋರಿಸಿದರು. ಒಂದು, ಕಾಣದಾದ ಡಿಸ್ಕಿಗೆ ಕೊಟ್ಟ ಕೆಲಸವನ್ನು ಎಷ್ಟು ಬೇಗ ಹಿಂದಕ್ಕೆ ಪಡೆದು ಇನ್ನೊಂದು ದಾರಿಗೆ ಕೊಡಬೇಕು ಎನ್ನುವುದು. ಅದಕ್ಕೆ ಕೆಲವೇ ಸೆಕೆಂಡು ಹಾಕಿದರು. ಇನ್ನೊಂದು, ಆ ಡಿಸ್ಕಿನ ಹೆಸರನ್ನು ಪಟ್ಟಿಯಿಂದ ಯಾವಾಗ ತೆಗೆದುಹಾಕಬೇಕು ಎನ್ನುವುದು. ಅದಕ್ಕೆ ಎಷ್ಟು ಹಾಕಲು ಸಾಧ್ಯವೋ ಅಷ್ಟನ್ನೂ ಹಾಕಿದರು. "ಕೆಲ್ಸ ಕಾಯಿಸ್ಬೇಡ, ಎಸ್ರು ಅಳಿಸ್ಬೇಡ. ಇವೆರಡೂ ಒಂದೇ ಅನ್ಕಂಡಿದ್ದೆ ನಾನು" ಎಂದರು. ನಾನು ಟೀ ತರಲು ಎದ್ದುಹೋದೆ.

ಮಗಳ ಮದುವೆ ಗೊತ್ತಾಯಿತು. ಗಂಡು ಮಳವಳ್ಳಿಯ ಕಡೆಯವನು. ಲಗ್ನಪತ್ರಿಕೆ ಅಚ್ಚು ಹಾಕಿಸಲು ಮದ್ದೂರಿನಲ್ಲಿ ನನ್ನ ಗೆಳೆಯನ ಪ್ರೆಸ್ಸಿಗೆ ನಾನೇ ಕರೆದುಕೊಂಡು ಹೋದೆ. ಕೆಂಪರಾಜು ಅವರ ಅಣ್ಣ, ಭಾಗ್ಯಕ್ಕನ ಭಾವ, ಮೊದಲೇ ಬಂದು ಕುಳಿತಿದ್ದರು. ಹುಡುಗಿಯ ತಂದೆಯ ಹೆಸರಿನ ಹಿಂದೆ 'ದಿವಂಗತ' ಎಂದು ಹಾಕಿಸುವುದೋ ಬೇಡವೋ ಎನ್ನುವಲ್ಲಿ ಮಾತು ನಿಂತಿತು.

"ಗಂಡಿನ್ ಕಡೆಯೋರು ಕೇಳ್ತಾವ್ರೆ ಭಾಗ್ಯ. ಇದ್ರೆ ಎಲ್ಲವ್ನೆ ಅಂತ ಏಳ್ಬೇಕು, ಇಲ್ದಿದ್ರೆ ಇಲ್ಲ ಅನ್ಬೇಕು. ನಂಗೇನ್ ಆಸೆನಾ ನನ್ ತಮ್ಮನ್ ಎಸ್ರಿಗೆ ಅದ ಸೇರ್ಸಕ್ಕೆ?" ಎಂದರು ಭಾವ. ತಮ್ಮನನ್ನು ಹುಡುಕಿಕೊಂಡು ಅವರು ಅಲೆದಷ್ಟು ಇನ್ನಾರೂ ಅಲೆದಿರಲಿಲ್ಲ.

"ಎರಡ್ರಲ್ಲಿ ಯಾವ್ದು ಅಂತ ನಂಗೂ ಗೊತ್ತಿಲ್ವಲ್ಲ ಭಾವ. ಗೊತ್ತಿಲ್ದಿದ್ದ ಎಂಗ್ ಅಚ್ಚಾಕ್ಸ್ಲಿ? ಧಾರೆ ನೀವೂ ಅಕ್ಕನೂ ಎರೀರಿ. ನಾನ್ ಅಡ್ಡ ಬರಕಿಲ್ಲ. ಮದ್ವೆ ಯಾರ್ಗೂ ಕಾಯೋದ್ ಬ್ಯಾಡ. ಎಸ್ರ ಮಾತ್ರ ಅಂಗೇ ಬುಡಿ."

ಭಾವ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ನನ್ನ ಗೆಳೆಯನಿಗೆ "ಅಂಗೇ ಆಕಪ್ಪ" ಎಂದರು.

ಮಂಡ್ಯಕ್ಕೆ ಬೈಕಿನಲ್ಲಿ ವಾಪಸು ಬರುವಾಗ ನನಗೆ ಸುಮ್ಮನಿರಲಾಗಲಿಲ್ಲ. ಆಸ್ಪತ್ರೆಯ ಡ್ರೈವರಿಗೆ ಹಾಕಿದ ಲೆಕ್ಕವನ್ನೇ ಮನೆಗೂ ಹಾಕಿದಿರಲ್ಲಕ್ಕ ಎಂದುಬಿಟ್ಟೆ. ಏನೋ ದೊಡ್ಡ ಮಾತು ಆಡಿದೆನೆಂದು ಒಳಗೊಳಗೇ ಹಿಗ್ಗಿದ್ದೆ.

"ಸುಮ್ಕೆ ಗಾಡಿ ಓಡಿಸ್ಲಾ" ಎಂದರು ಹಿಂದಿನಿಂದ. ಸ್ವಲ್ಪ ದೂರ ಹೋದ ಮೇಲೆ ಅವರೇ ಹೇಳಿದರು: "ಡಿಸ್ಕು ವಾಪಸ್ ಬಂದ್ರೆ ಎಲ್ಲಿದ್ದೆ ಅಂತ ಯಾರೂ ಕೇಳಕಿಲ್ಲ. ಇವ್ರು ಬಂದ್ರೆ ನಾನ್ ಕೇಳ್ಬೇಕು. ಯಾಕ್ ಓದ್ರಿ, ನಾನೇನ್ ಮಾಡಿದ್ದೆ ಅಂತ. ಅದ್ಕೇ ಕಣಪ್ಪ ನಾನ್ ಕಾಯ್ತಾ ಇರೋದು. ನೀನೇನ್ ಪತಿವ್ರತೆ ಅನ್ಕಂಡ್ಯಾ?"

ಅಷ್ಟು ವರ್ಷ ಅವರ ಕುಂಕುಮವನ್ನು ನಾನು ನಂಬಿಕೆ ಎಂದುಕೊಂಡಿದ್ದೆ. ಅದರಲ್ಲಿ ಅಷ್ಟೇ ಸಿಟ್ಟೂ ಇತ್ತೆಂದು ಅವತ್ತು ತಿಳಿಯಿತು. ಅವರ ಮೇಲಿನ ಗೌರವ ಇನ್ನೂ ಹೆಚ್ಚಿತು.

ಮದುವೆ ಚೆನ್ನಾಗಿ ನಡೆಯಿತು. ಭಾವ ಮತ್ತು ಅವರ ಹೆಂಡತಿ ಧಾರೆ ಎರೆದರು. ಭಾಗ್ಯಕ್ಕ ಹಸಿರು ಬಳೆ ತೊಟ್ಟು, ಹೊಸ ಸೀರೆಯುಟ್ಟು ಊಟದ ಪಂಕ್ತಿ ನೋಡಿಕೊಂಡರು. ಹೆಣ್ಣು ಒಪ್ಪಿಸುವಾಗ ಆರತಿ ಎತ್ತಲು ಮಗಳು ತಾಯಿಯನ್ನೇ ಕರೆದಳು. ಒಂದಿಬ್ಬರು ಮುಖ ಮುಖ ನೋಡಿಕೊಂಡರು, ಅಷ್ಟೇ.

ಕೆಲವು ವರ್ಷಗಳ ನಂತರ ನಮ್ಮ ಆಸ್ಪತ್ರೆಗೆ ಹೊಸ ಸರ್ವರು ಬಂತು. ಭಾಗ್ಯಕ್ಕ ಎಂದಿನಂತೆ ಜನರೇಟರಿನ ಶಾಸ್ತ್ರ ಮುಗಿಸಿ, ಡ್ರೈವರಿನ ಮುಂದೆ ಕುಳಿತಿದ್ದರು. ನಾನು ಪಕ್ಕದಲ್ಲಿದ್ದೆ. ಹನ್ನೊಂದು ಗಂಟೆಯ ಸುಮಾರಿಗೆ ಭಾವನ ಫೋನು ಬಂತು. ಅವರ ಊರಿನವರೊಬ್ಬರು ಯಾತ್ರೆಗೆ ಹೋದಾಗ ದೂರದ ಊರಿನ ಒಂದು ಮಠದ ಛತ್ರದಲ್ಲಿ ಉಳಿದಿದ್ದರಂತೆ. ಅಲ್ಲಿ ಅಡಿಗೆಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಕೆಂಪರಾಜು ಅವರದು. ಅಲ್ಲೇ ಬಹಳ ವರ್ಷ ನೀರು ಹೊತ್ತು, ಸೌದೆ ಒಡೆದುಕೊಂಡು ಇದ್ದರಂತೆ. ಊರು ಯಾವುದೆಂದು ಯಾರಿಗೂ ಹೇಳಿರಲಿಲ್ಲ. ಜ್ವರ ಬಂದು ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ಮಗಳ ಮದುವೆಗೂ ಮುಂಚೆ.

ಭಾಗ್ಯಕ್ಕ ಇದನ್ನೆಲ್ಲ ಕೇಳಿಸಿಕೊಂಡು, ನನಗೆ ಅಷ್ಟನ್ನೂ ಹಾಗೆಯೇ ಹೇಳಿ, ಕೀಬೋರ್ಡನ್ನು ನನ್ನ ಕಡೆ ತಳ್ಳಿದರು. "ಇದ ನೀನ್ ನೋಡ್ಕ" ಎಂದರು. ಅವರು ಕೆಲಸವನ್ನು ನಡುವೆ ಬಿಟ್ಟು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎಲ್ಲಿಗೆ ಹೋದರೆಂದು ನಾನು ಹಿಂದೆಯೇ ಓಡಿದೆ. ಆಸ್ಪತ್ರೆಯ ಹಿಂಭಾಗದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಲ್ಲಿಯಿದೆ. ಬಕೆಟ್ಟು ತುಂಬಿಸಿ, ಉಟ್ಟ ಸೀರೆಯಲ್ಲೇ, ನೆತ್ತಿಯ ಮೇಲೆ ಸುರಿದುಕೊಳ್ಳುತ್ತಿದ್ದರು. ಸಾವಿನ ಸುದ್ದಿ ಕೇಳಿದವರು ಕೇಳಿದ ಕೂಡಲೇ ತಲೆಗೆ ನೀರು ಹಾಕಿಕೊಳ್ಳಬೇಕು ಎನ್ನುವುದು ಅವರ ಕಡೆಯ ಪದ್ಧತಿ. ಒಬ್ಬ ಸಿಸ್ಟರು ತಡೆಯಲು ಹೋಗಿ ಹಾಗೆಯೇ ನಿಂತುಬಿಟ್ಟರು. ಕುಂಕುಮ ಕರಗಿ ಮೂಗಿನ ಮೇಲಿಂದ ಇಳಿದು ಹೋಗುತ್ತಿತ್ತು.

"ಅಕ್ಕ, ಅವರು ಹೋಗಿ ಎಷ್ಟೋ ವರ್ಷ ಆಯ್ತಂತಲ್ಲ" ಎಂದೆ.

"ಅವ್ರಿಗೆ ವರ್ಸ ಆಯ್ತು. ನಾನ್ ಬೆಳಗ್ಗೆ ಕುಂಕುಮ ಇಟ್ಕಂಡ್ ಬಂದಿವ್ನಿ ಕಣ್ಲಾ. ನಂಗೆ ಇವತ್ತೇ."

ಇನ್ನೊಂದು ಬಕೆಟ್ಟು ತುಂಬುವವರೆಗೆ ನಲ್ಲಿಯನ್ನೇ ನೋಡುತ್ತಿದ್ದರು. ಆಮೇಲೆ, ನನಗೆ ಹೇಳಿದ್ದೋ ತಮಗೆ ಹೇಳಿಕೊಂಡದ್ದೋ, "ಕೇಳ್ಬೇಕು ಅನ್ಕಂಡಿದ್ದು ಅಂಗೇ ಉಳ್ಕತು" ಎಂದು ಆ ನೀರನ್ನೂ ಸುರಿದುಕೊಂಡರು. ಒದ್ದೆ ಸೀರೆಯಲ್ಲೇ ಆಟೋ ಹತ್ತಿ ಹನಕೆರೆಗೆ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಆಮೇಲೆ ಅವರು ಕೆಲಸ ಬಿಟ್ಟು ಮಳವಳ್ಳಿಗೆ, ಮಗಳ ಮನೆಗೆ ಹೋದರು. ಹೋಗಿ ನೋಡಿ ಬರಬೇಕು ಎಂದುಕೊಳ್ಳುತ್ತಲೇ ದಿನ ಕಳೆದವು. ಹೋದ ಬೇಸಿಗೆಯಲ್ಲಿ, ಮಳವಳ್ಳಿಯ ಸ್ಕ್ಯಾನಿಂಗ್ ಸೆಂಟರಿನವರು ಬೇರೆ ಯಾವುದೋ ವಿಷಯಕ್ಕೆ ಫೋನು ಮಾಡಿದವರು, ನಿಮ್ಮ ಭಾಗ್ಯಮ್ಮ ತೀರಿಕೊಂಡು ತಿಂಗಳ ಮೇಲಾಯಿತಲ್ಲ, ಗೊತ್ತಿಲ್ಲವೇ ಎಂದರು. ಹೃದಯಾಘಾತವಾಗಿ ನಿದ್ದೆಯಲ್ಲೇ ಹೋದರಂತೆ. ನಾನು ಆಗ ಮದ್ದೂರಿನ ಮನೆಯಲ್ಲಿದ್ದೆ. ಫೋನನ್ನು ಕಿಟಕಿಯ ಮೇಲಿಟ್ಟು, ಹಿತ್ತಲಿಗೆ ಹೋಗಿ, ಹಾಕಿದ್ದ ಅಂಗಿಯಲ್ಲೇ ತಲೆಯ ಮೇಲೆ ಒಂದು ಕೊಡ ನೀರು ಸುರಿದುಕೊಂಡೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಅಮ್ಮಿ ಬಾಗಿಲಲ್ಲಿ ನಿಂತು ನೋಡಿದರು. ಯಾರು ಎಂದಷ್ಟೇ ಕೇಳಿದರು. ಹೇಳಿದೆ. ಒಳಗೆ ಹೋಗಿ ಟವಲು ತಂದುಕೊಟ್ಟು, ಇನ್ನೊಂದು ಕೊಡ ತುಂಬಿಸಲು ನಲ್ಲಿ ತಿರುಗಿಸಿದರು.