ಗಟ್ಟಿಮೇಳದ ಬೆರಳು

ಮದುವೆಮನೆಗೆ ಬಂದ ಗಂಡಸರಲ್ಲಿ ಬಹುಪಾಲು ಮಂದಿಗೆ ಅಲ್ಲಿ ಮಾಡುವುದಕ್ಕೆ ಏನೂ ಕೆಲಸವಿರುವುದಿಲ್ಲವೆಂಬುದನ್ನು ತಾವೂ ಗಮನಿಸಿರಬಹುದು. ಅಡಿಗೆ ಅಡಿಗೆಯವರದು, ಮಂತ್ರ ಪುರೋಹಿತರದು, ಕಣ್ಣೀರು ಹೆಣ್ಣಿನ ತಾಯಿಯದು. ಉಳಿದವರ ಪಾಲಿಗೆ ಬರುವ ಏಕಮಾತ್ರ ಅಧಿಕಾರವೆಂದರೆ ಬಲಗೈಯ ತೋರುಬೆರಳನ್ನು ಮೇಲೆತ್ತಿ ವಾಲಗದವರ ಕಡೆಗೆ ಅಲ್ಲಾಡಿಸುವುದು. ಆ ಬೆರಳು ಕಂಡೊಡನೆ ನಾಗಸ್ವರದವರು ಊದುತ್ತಿದ್ದುದನ್ನು ಇದ್ದಲ್ಲಿಗೇ ಕೈಬಿಟ್ಟು, ಡೋಲಿನವರು ಎರಡೂ ಕೈಗಳಿಂದ ಬಡಿದು, ಗಟ್ಟಿಮೇಳ ಮಾಡಬೇಕು. ಧಾರೆಯೆರೆಯುವ ಪುಣ್ಯಗಳಿಗೆಯಲ್ಲಿ ಯಾರದಾದರೂ ಸೀನು, ಯಾವುದಾದರೂ ಅಪಶಬ್ದ ವಧೂವರರ ಕಿವಿಗೆ ಬೀಳದಿರಲಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು ಅದು.

ಏರ್ಪಾಡಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಬೆರಳುಗಳ ಮೇಲೆ. ಧಾರೆಗೆ ಮೀಸಲಾಗಿದ್ದ ಬೆರಳು ಕ್ರಮೇಣ ವರನ ಕಾರು ಬಂದರೂ ಏಳತೊಡಗಿತು, ಕಾಫಿ ಬಂದರೂ ಏಳತೊಡಗಿತು; ಕಡೆಗೆ ಸೋದರಮಾವನಿಗೆ ತಾನೊಬ್ಬ ಇದ್ದೇನೆಂದು ನಾಲ್ಕು ಜನಕ್ಕೆ ತಿಳಿಸಬೇಕೆನ್ನಿಸಿದರೂ ಸಾಕು. ಹತ್ತು ಹನ್ನೆರಡು ವರ್ಷ ಗುರುಗಳ ಮನೆಯಲ್ಲಿ ನೀರು ಹೊತ್ತು, ಕೆನ್ನೆ ನೋಯುವವರೆಗೆ ಊದಿ, ಒಂದು ರಾಗದ ಒಳಹೊರಗನ್ನು ಅರಿತುಕೊಂಡು ಬಂದ ಮನುಷ್ಯನನ್ನು, ‘ಸಾ’ ಯಾವುದು ‘ಪಾ’ ಯಾವುದು ಎಂದು ತಿಳಿಯದ ಒಂದು ಬೆರಳು ತಡೆದು ನಿಲ್ಲಿಸುತ್ತದೆ. ಪಾಠ ಮಾಡುತ್ತಿರುವ ನನ್ನನ್ನು ಯಾರಾದರೂ ಹೀಗೆ ಬೆರಳಲ್ಲಾಡಿಸಿ ನಿಲ್ಲಿಸಿದ್ದರೆ ನಾನು ಮರುದಿನವೇ ರಾಜೀನಾಮೆ ಬರೆಯುತ್ತಿದ್ದೆ. ಬರೆದು, ಕೊಡದೆ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ ಎನ್ನುವುದು ಬೇರೆ ಮಾತು.

ಈ ಸಿಟ್ಟು ನನಗೆ ಅಂಟಿಕೊಂಡದ್ದು ಐವತ್ತರ ದಶಕದ ಕೊನೆಯಲ್ಲಿ, ಮೂಡಬಿದಿರೆಯ ಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿದ್ದಾಗ. ನನ್ನ ಬಾಡಿಗೆ ಕೋಣೆಯ ಹಿಂದಿನ ಮನೆ ಬಾಬು ಶೇರಿಗಾರರದು. ದೇವಸ್ಥಾನದ ಬೆಳಗಿನ ಪೂಜೆಗೆ ಊದಿ ಬಂದು, ಗಂಜಿ ಉಂಡು, ಹಿತ್ತಲಿನ ಹಲಸಿನ ಮರದ ಬುಡದಲ್ಲಿ ಅವರು ಮತ್ತೆ ನಾಗಸ್ವರ ಹಿಡಿಯುತ್ತಿದ್ದರು. ಅಲ್ಲಿ ಬರುತ್ತಿದ್ದುದು ತೋಡಿ ರಾಗ. ತಳದ ಸ್ವರಗಳಲ್ಲಿ ತಡಕಾಡಿದ ಹಾಗೆ ಹೊರಟು, ಒಂದೊಂದೇ ಮೆಟ್ಟಿಲು ಏರಿ, ತುದಿಯಲ್ಲಿ ಬಹಳ ಹೊತ್ತು ನಿಂತು, ಅಷ್ಟೇ ಸಾವಧಾನದಿಂದ ಇಳಿದು ಮನೆ ಸೇರುವ ತೋಡಿ. ಅದನ್ನು ಕೇಳಲು ಒಂದು ಗಂಟೆ ಬೇಕು. ಭಾನುವಾರಗಳಲ್ಲಿ ನಾನು ಹಿತ್ತಲ ಬಾಗಿಲಲ್ಲಿ ಕುಳಿತು ಮಕ್ಕಳ ಪ್ರಬಂಧ ತಿದ್ದುವ ನೆಪದಲ್ಲಿ ಕೇಳುತ್ತಿದ್ದೆ. ಆ ದಿನಗಳಲ್ಲಿ ಎಲ್ಲರಿಗೂ ಧಾರಾಳವಾಗಿ ಅಂಕಗಳು ಬೀಳುತ್ತಿದ್ದವು.

ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಅವರು ಊದದ ಮದುವೆಯಿಲ್ಲ. ಆದರೆ ಈ ತೋಡಿಯನ್ನು ಒಂದು ಚಪ್ಪರದಲ್ಲೂ ನಾನು ಕೇಳಿರಲಿಲ್ಲ. ಯಾಕೆಂದು ಕೇಳಿಯೇಬಿಟ್ಟೆ.

“ಶುರು ಮಾಡ್ತೇನೆ ಮಾಷ್ಟ್ರೇ, ಪ್ರತಿ ಸಲವೂ ಮಾಡ್ತೇನೆ,” ಎಂದರು ಶೇರಿಗಾರರು, ನಾಗಸ್ವರದ ತುದಿಯ ಪೀಪಿಯನ್ನು ಒರೆಸುತ್ತ. “ಮುಗಿಸಲಿಕ್ಕೆ ಬೆರಳು ಬಿಡಬೇಕಲ್ಲ. ಮೂವತ್ತು ವರ್ಷ ಆಯ್ತು. ಜನರ ಎದುರು ಒಂದು ಸಲ ಪೂರ್ತಿ ಊದಬೇಕು ಅಂತ ಆಸೆ ಉಂಟು. ದಮ್ಮು ಇರುವಾಗಲೇ ಆಗಬೇಕು, ನೋಡಿ.”

ನನ್ನ ಮೈ ಉರಿದುಹೋಯಿತು. ಮೂವತ್ತು ವರ್ಷ ಒಬ್ಬ ಮನುಷ್ಯ ಒಂದು ಮಾತನ್ನು ಆಡಲು ಬಾಯಿ ತೆರೆಯುತ್ತಿದ್ದಾನೆ, ನಾವು ಪ್ರತಿ ಸಲವೂ ಅವನ ಬಾಯಿ ಮುಚ್ಚಿಸಿ ಹೋಳಿಗೆಗೆ ಕೂರುತ್ತಿದ್ದೇವೆ. ಆ ಆವೇಶದಲ್ಲಿ ನಾನು ಭಾಷೆ ಕೊಟ್ಟೆ: “ವೈಶಾಖದಲ್ಲಿ ಬಂಟ್ವಾಳದ ನಮ್ಮ ಮನೆಯಲ್ಲಿ ತಂಗಿಯ ಮದುವೆ ಉಂಟು. ವಾಲಗ ನಿಮ್ಮದೇ. ಮುಹೂರ್ತಕ್ಕೆ ಮೊದಲು ಒಂದು ಗಂಟೆ ತೋಡಿ. ಒಂದು ಬೆರಳೂ ಏಳದ ಹಾಗೆ ನಾನು ನೋಡಿಕೊಳ್ತೇನೆ.”

“ನೋಡುವ,” ಎಂದರು ಶೇರಿಗಾರರು. ಆದರೆ ಮರುದಿನದಿಂದ ಹಲಸಿನ ಮರದ ಬುಡದಲ್ಲಿ ಬೆಳಗಿನ ಹೊತ್ತಿನ ಜೊತೆಗೆ ಸಂಜೆಯೂ ತೋಡಿ ಕೇಳಿಬಂತು.

ಮದುವೆಯ ದಿನ ನಾನು ಮದುಮಗಳ ಅಣ್ಣನಾಗಿರಲಿಲ್ಲ, ತೋಡಿಯ ಕಾವಲುಗಾರನಾಗಿದ್ದೆ. ರಸಿಕರು ಆರಾಮವಾಗಿ ಕೇಳಲೆಂದು ಅಲ್ಲಿನ ಶಾಲೆಯಿಂದ ಎರವಲು ತಂದಿದ್ದ ಎಂಟು ಕುರ್ಚಿಗಳನ್ನೂ ವಾಲಗದವರ ಎದುರು ಸಾಲಾಗಿ ಹಾಕಿಸಿದೆ. ಊರಿನಲ್ಲಿ ರಸಿಕರು ಎಂಟು ಮಂದಿ ಇದ್ದಾರೆಯೇ ಎಂದು ಯೋಚಿಸಲಿಲ್ಲ. ಕುರ್ಚಿ ಇದ್ದಲ್ಲಿ ರಸಿಕತೆ ತಾನಾಗಿ ಹುಟ್ಟುತ್ತದೆಂದು ನಂಬಿದ್ದೆ. ಶೇರಿಗಾರರು ಕಣ್ಣುಮುಚ್ಚಿ ಷಡ್ಜ ಹಿಡಿದರು. ಕಾಲು ಗಂಟೆಯಲ್ಲಿ ಸೋದರಮಾವನ ಬೆರಳು ಮೇಲೇಳುವ ಲಕ್ಷಣ ಕಂಡಿತು. ಓಡಿಹೋಗಿ ಅವರ ಎರಡೂ ಕೈಗೆ ವೀಳ್ಯದ ಹರಿವಾಣ ಕೊಟ್ಟು, ಕೆಳಗಿಡಬಾರದೆಂದು ಕಟ್ಟಪ್ಪಣೆ ಮಾಡಿದೆ. ಎರಡನೆಯ ಬೆರಳಿನವರನ್ನು ಮಜ್ಜಿಗೆಯ ಹುಳಿಯ ಉಪ್ಪು ನೋಡಲು ಅಡಿಗೆಮನೆಗೆ ಅಟ್ಟಿದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಚಪ್ಪರದಲ್ಲಿ ಹಿಂದೆಂದೂ ಆಗದಿದ್ದುದು ಆಗತೊಡಗಿತ್ತು. ಜನ ಮಾತು ನಿಲ್ಲಿಸಿದ್ದರು. ಹೂ ಕಟ್ಟುತ್ತಿದ್ದ ಹೆಂಗಸರ ಕೈ ನಿಧಾನವಾಗಿತ್ತು. ರಾಗ ಮೇಲಕ್ಕೆ ಹತ್ತುತ್ತಿತ್ತು.

ಆಗ ವರನ ದೊಡ್ಡಪ್ಪ ಎದ್ದು ನಿಂತರು. ಗಂಡಿನ ಕಡೆಯವರಿಗೆ ನಾನು ಹಾಕಿಸಿದ್ದು ಬೆಂಚು. ಅದು ಬೆಳಗ್ಗೆ ನನ್ನ ಗಮನಕ್ಕೇ ಬಂದಿರಲಿಲ್ಲ.

“ವಾಲಗದವರ ಮುಂದೆ ಕುರ್ಚಿ, ಬೀಗರಿಗೆ ಬೆಂಚು,” ಎಂದರು, ಕೂಗದೆ, ಆದರೆ ನಾಲ್ಕು ಸಾಲಿಗೆ ಕೇಳುವಂತೆ. “ಇದು ಯಾವ ಕ್ರಮ ಮಾರಾಯ? ನಮಗೆ ಇಲ್ಲಿ ಮರ್ಯಾದೆ ಇಲ್ಲ ಅಂತ ಆದರೆ ನಾವು ಹೊರಡುವ.”

ಅವರ ಹಿಂದೆ ಇನ್ನಿಬ್ಬರು ಎದ್ದರು. ಅಪ್ಪನ ಮುಖ ಬಿಳಿಚಿಕೊಂಡಿತು. ಮುಸುಕಿನೊಳಗೆ ಕುಳಿತಿದ್ದ ತಂಗಿ ತಲೆಯೆತ್ತಿದಳು. ಇನ್ನೊಂದು ಮಾತು ಆಡಿದರೆ ಇಡೀ ಚಪ್ಪರಕ್ಕೆ ಕೇಳುತ್ತದೆ, ಕೇಳಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅದು ಕೇಳದ ಹಾಗೆ ಮಾಡುವ ಉಪಾಯ ಒಂದೇ ಇತ್ತು, ಅದು ನನ್ನ ಬಲಗೈಯಲ್ಲೇ ಇತ್ತು.

ನಾನು ಬೆರಳೆತ್ತಿದೆ. ಎತ್ತಿ ಅಲ್ಲಾಡಿಸಿದೆ.

ಶೇರಿಗಾರರು ಅದೇ ಹೊತ್ತಿಗೆ ಕಣ್ಣು ತೆರೆದಿದ್ದರು. ರಾಗದ ತುದಿಯ ತಾರಷಡ್ಜದ ಮೇಲೆ ನಿಂತಿದ್ದ ನಾದ ಒಂದು ಉಸಿರಿನಷ್ಟು ಕಾಲ ಹಾಗೆಯೇ ನಿಂತಿತು. ಅವರು ನನ್ನನ್ನೇ ನೋಡಿದರು. ನಾನು ಕೈ ಇಳಿಸಲಿಲ್ಲ. ಮರುಕ್ಷಣ ಡೋಲು ಅಬ್ಬರಿಸಿತು, ದೊಡ್ಡಪ್ಪನ ಬಾಯಿ ಆಡುತ್ತಿದ್ದುದು ಕಂಡಿತೇ ಹೊರತು ಒಂದಕ್ಷರ ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಕುರ್ಚಿಗಳನ್ನು ನಾನೇ ಹೊತ್ತು ಅವರ ಬಳಿ ಸಾಗಿಸಿದೆ. ಅವರು ಕುಳಿತರು. ಧಾರೆಯಾಯಿತು. ಎಷ್ಟು ಸಮಯಸ್ಫೂರ್ತಿ ನಿಮ್ಮ ಮಗನಿಗೆ ಎಂದು ಪುರೋಹಿತರು ಅಪ್ಪನ ಬಳಿ ಹೊಗಳಿದರಂತೆ. ಆ ಹೊಗಳಿಕೆಯನ್ನು ನೆನೆದರೆ ನನಗಿಂದಿಗೂ ಅಸಹ್ಯವಾಗುತ್ತದೆ. ಎದ್ದು ನಿಂತವರ ಸಿಟ್ಟಿಗೆ ಒಂದು ಕ್ಷಮಾಪಣೆ ಸಾಕಿತ್ತು. ಕಾಲು ಹಿಡಿದಿದ್ದರೂ ಆಗುತ್ತಿತ್ತು. ನನಗೆ ಸುಲಭವಾಗಿ ಕೈಗೆ ಸಿಕ್ಕಿದ್ದು ಇನ್ನೊಬ್ಬನ ಮೂವತ್ತು ವರ್ಷ.

ವಾಲಗದವರು ಊಟಕ್ಕೆ ಕುಳಿತದ್ದು ವಾಡಿಕೆಯಂತೆ ಕೊನೆಯ ಪಂಕ್ತಿಗೆ. ಬಡಿಸಲು ನಾನೇ ಹೋದೆ, ಪಾಯಸದ ಪಾತ್ರೆ ಹಿಡಿದುಕೊಂಡು. ಬೀಗರು, ಬೆಂಚು, ಅಪ್ಪನ ಮುಖ ಎಂದು ಏನೇನೋ ವಿವರಿಸಿದೆ. ಶೇರಿಗಾರರು ಅನ್ನ ಕಲಸುತ್ತ ಎಲ್ಲವನ್ನೂ ಕೇಳಿದರು.

“ಅದು ನನಗೆ ಅರ್ಥ ಆಗ್ತದೆ ಮಾಷ್ಟ್ರೇ. ಹೆಣ್ಣು ಮಗುವಿನ ಮದುವೆ,” ಎಂದರು. ಇನ್ನೊಂದು ತುತ್ತು ಉಂಡು, ನನ್ನ ಮುಖ ನೋಡದೆ ಹೇಳಿದರು: “ಇವತ್ತು ಯಾರು ಬೆರಳು ಎತ್ತಿದರೂ ನಿಲ್ಲಿಸುವುದಿಲ್ಲ ಅಂತಲೇ ಕೂತಿದ್ದೆ. ಆ ದೊಡ್ಡ ಬೀಗರು ಎತ್ತಿದ್ದರೂ ನಿಲ್ಲಿಸ್ತಿರಲಿಲ್ಲ. ನೀವು ಎತ್ತುತ್ತೀರಿ ಅಂತ ಮಾತ್ರ ಎಣಿಸಿರಲಿಲ್ಲ.”

ನಾನು ಪಾಯಸ ಬಡಿಸಲು ಬಾಗಿದೆ. ಅವರು ಸಾಕೆಂದು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು.