ಮೂವತ್ತೊಂದನೆಯ ಆರೋಗ್ಯವಂತೆ

ಆಸ್ಪತ್ರೆಯ ಕಡತದಲ್ಲಿ ಅವಳ ಹುದ್ದೆ 'ವ್ಯಾಯಾಮ ಚಿಕಿತ್ಸಾ ವಿಭಾಗದ ಸಹಾಯಕಿ'. ಹಾಗೆ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಲಾಂಡ್ರಿಯಿಂದ ಹಿಡಿದು ಆಪರೇಷನ್ ಕೋಣೆಯವರೆಗೆ ಎಲ್ಲರಿಗೂ ಅವಳು ಮೀಟರಕ್ಕ. ಎರಡನೇ ಮಹಡಿಯ ಕಾರಿಡಾರಿನಲ್ಲಿ ಮೂವತ್ತು ಮೀಟರ್ ಅಂತರಕ್ಕೆ ಎರಡು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್‌ಗಳನ್ನಿಟ್ಟು, ಅವುಗಳ ನಡುವೆ ರೋಗಿಗಳನ್ನು ಆರು ನಿಮಿಷ ನಡೆಸಿ, ಎಷ್ಟು ದೂರ ಹೋದರೆಂದು ಬರೆದುಕೊಳ್ಳುವುದು ಅವಳ ಕೆಲಸ. ಶ್ವಾಸಕೋಶ ಎಷ್ಟು ಕೆಟ್ಟಿದೆ, ಎಷ್ಟು ಉಳಿದಿದೆ ಎಂದು ತಿಳಿಯಲು ಕೋಟಿ ಬೆಲೆಯ ಯಂತ್ರಗಳು ಕೆಳಗಿನ ಮಹಡಿಯಲ್ಲಿದ್ದವು. ಅವು ಕೆಟ್ಟು ನಿಂತಾಗ, ಅಂದರೆ ತಿಂಗಳಲ್ಲಿ ಇಪ್ಪತ್ತು ದಿನ, ಎಲ್ಲರೂ ಮೀಟರಕ್ಕನ ಕಾರಿಡಾರಿಗೇ ಬರುತ್ತಿದ್ದರು.

ನಡೆಯುವವರ ಜೊತೆ ಏನು ಮಾತಾಡಬೇಕು ಎಂಬುದನ್ನೂ ಎಲ್ಲೋ ದೊಡ್ಡ ಪಂಡಿತರು ಕೂತು ತೀರ್ಮಾನಿಸಿದ್ದರು. ಒಂದು ನಿಮಿಷವಾದಾಗ, "ಚೆನ್ನಾಗಿ ನಡೀತಿದ್ದೀರಿ. ಇನ್ನು ಐದು ನಿಮಿಷ ಇದೆ." ಎರಡು ನಿಮಿಷವಾದಾಗ, "ಹೀಗೇ ಮುಂದುವರಿಸಿ. ಇನ್ನು ನಾಲ್ಕು ನಿಮಿಷ ಇದೆ." ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ, ದನಿಯಲ್ಲಿ ಏರಿಳಿತವಿಲ್ಲ. ಹುರಿದುಂಬಿಸಿದರೆ ಜನ ಹೆಚ್ಚು ನಡೆದುಬಿಡುತ್ತಾರಂತೆ, ವಿಜ್ಞಾನ ಕೆಡುತ್ತದಂತೆ. ಮನೆಯಲ್ಲಿ ಮಾತಿನ ಮಲ್ಲಿ ಎನಿಸಿಕೊಂಡ ಮೀಟರಕ್ಕ ಹನ್ನೆರಡು ವರ್ಷ ಈ ಆರು ವಾಕ್ಯಗಳಲ್ಲೇ ಕಾಲ ಹಾಕಿದ್ದಳು.

ಕೊರೊನಾ ಬಂತು, ಹೋಯಿತು. ಹೋಯಿತು ಎಂದು ಗೋಡೆಯ ಮೇಲೆ ಸುತ್ತೋಲೆ ಅಂಟಿಸಿದ್ದರಿಂದ ಎಲ್ಲರೂ ನಂಬಿದರು. ಆದರೆ ಗುಣವಾಗಿ ಮನೆಗೆ ಹೋದವರಲ್ಲಿ ಕೆಲವರು ಮತ್ತೆ ಮತ್ತೆ ಬಂದು, ಉಸಿರು ಸಾಲದು, ಸುಸ್ತು ಹೋಗುತ್ತಿಲ್ಲ, ಹೇಳಬೇಕೆಂದ ಮಾತು ಬಾಯಿಗೆ ಬರುವುದರೊಳಗೆ ಮರೆಯುತ್ತದೆ ಎನ್ನತೊಡಗಿದರು. ಅವರಿಗಾಗಿ ನೆಲಮಹಡಿಯ ಎರಡು ಕೋಣೆಗಳಲ್ಲಿ ಉಸಿರಾಟದ ಚಿಕಿತ್ಸಾ ಘಟಕ ತೆರೆಯಿತು. ಶ್ವಾಸಕೋಶ ವಿಭಾಗದ ದೊಡ್ಡ ಡಾಕ್ಟರು ಇದರ ಮೇಲೆ ಸಂಶೋಧನೆ ಮಾಡಲು ಹೊರಟರು. ಸೋಂಕು ತಗುಲಿ ಆಸ್ಪತ್ರೆ ಸೇರಿದ್ದ ನೂರಿಪ್ಪತ್ತು ಮಂದಿ, ಸೋಂಕೇ ತಗುಲದ ಅರುವತ್ತು ಆರೋಗ್ಯವಂತರು. ಎರಡೂ ಗುಂಪಿನವರನ್ನು ನಡೆಸಿ, ರಕ್ತ ತೆಗೆದಿಟ್ಟು, ಹೋಲಿಸಿ ನೋಡುವುದು. ದೊಡ್ಡ ಡಾಕ್ಟರು ಸಂಶೋಧನೆಗೆ ಹೆಸರಿಟ್ಟರು, ಫಲಕ ಬರೆಸಿದರು, ಫಲಕದ ಮುಂದೆ ಫೋಟೋ ತೆಗೆಸಿಕೊಂಡರು. ಉಳಿದ ಸಣ್ಣಪುಟ್ಟದ್ದು, ಅಂದರೆ ಸಂಶೋಧನೆ, ಮೀಟರಕ್ಕನ ಪಾಲಿಗೆ ಬಂತು.

ರೋಗಿಗಳಿಗೇನೂ ಬರ ಇರಲಿಲ್ಲ. ಬರ ಬಂದದ್ದು ಆರೋಗ್ಯವಂತರಿಗೆ. ಮೈ ನೆಟ್ಟಗಿರುವ ಯಾವ ಮನುಷ್ಯ ತಾನಾಗಿ ಆಸ್ಪತ್ರೆಗೆ ಬಂದು ಕಾರಿಡಾರಿನಲ್ಲಿ ಓಡಾಡಿ, ರಕ್ತ ಕೊಟ್ಟು ಹೋಗುತ್ತಾನೆ? ಎರಡು ತಿಂಗಳು ಕಾದರೂ ಸಿಕ್ಕವರು ಮೂವರು. ಅವರಲ್ಲಿ ಒಬ್ಬ ದಾರಿ ತಪ್ಪಿ ಬಂದಿದ್ದ.

"ನಮ್ಮ ಸಿಬ್ಬಂದಿ ಇದ್ದಾರಲ್ಲ," ಎಂದರು ದೊಡ್ಡ ಡಾಕ್ಟರು. "ದಿನಾ ಕೆಲಸಕ್ಕೆ ಬರ್ತಾರೆ ಅಂದ್ಮೇಲೆ ಆರೋಗ್ಯವಾಗೇ ಇದ್ದಾರೆ."

ಹೀಗೆ ಲಿಫ್ಟಿನವನು, ಲಾಂಡ್ರಿಯವರು, ನೆಲ ಒರೆಸುವವರು, ಸ್ಟ್ರೆಚರ್ ತಳ್ಳುವವರು ಸಾಲಾಗಿ ಬಂದು ಆರೋಗ್ಯವಂತರಾದರು. ಸಂಶೋಧನೆಯ ಅರ್ಜಿಯಲ್ಲಿದ್ದ ಷರತ್ತು ಒಂದೇ: ಪರೀಕ್ಷೆಯಲ್ಲಿ ಸೋಂಕು ದೃಢಪಟ್ಟಿರಬಾರದು. ಅವರಲ್ಲಿ ಯಾರಿಗೂ ದೃಢಪಟ್ಟಿರಲಿಲ್ಲ. ದೃಢಪಡಲು ಮೊದಲು ಪರೀಕ್ಷೆ ಮಾಡಬೇಕಲ್ಲ. ಆ ದಿನಗಳಲ್ಲಿ ಸೋಂಕು ಸಿಕ್ಕರೆ ಹದಿನಾಲ್ಕು ದಿನ ರಜೆ ಕೊಡಬೇಕಿತ್ತು. ರಜೆ ಕೊಟ್ಟರೆ ವಾರ್ಡಿನಲ್ಲಿ ಆಳಿರಲಿಲ್ಲ. ಆದ್ದರಿಂದ ಮೇಲ್ವಿಚಾರಕರು ಬುದ್ಧಿ ಓಡಿಸಿ, ಜ್ವರ ನೂರೆರಡು ದಾಟದಿದ್ದರೆ ಪರೀಕ್ಷೆ ಬೇಡ ಎಂದಿದ್ದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೀಟರಕ್ಕನೇ ಆಗ ಒಂಬತ್ತು ದಿನ ಫಿನಾಯಿಲಿನ ವಾಸನೆಯೂ ತಿಳಿಯದೆ, ಮೈಕೈ ನುಗ್ಗಾಗಿ, ಎರಡು ಮಾತ್ರೆ ನುಂಗಿ ಕೆಲಸಕ್ಕೆ ಬಂದಿದ್ದಳು. ಜ್ವರ ಮಾತ್ರ ವಿಧೇಯವಾಗಿ ನೂರೊಂದರಲ್ಲೇ ನಿಂತಿತ್ತು.

ಮೂವತ್ತೊಂದನೆಯ ಆರೋಗ್ಯವಂತೆಯಾಗಿ ಅವಳೂ ನಡೆದಳು. ಗಡಿಯಾರ ಹಿಡಿದದ್ದು ಕಿರಿಯ ಡಾಕ್ಟರಮ್ಮ. ನಾಲ್ಕನೆಯ ನಿಮಿಷಕ್ಕೆ ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಗೋಡೆ ಹಿಡಿದು ನಿಂತಳು, ಮತ್ತೆ ನಡೆದಳು. ಮುನ್ನೂರ ತೊಂಬತ್ತಾರು ಮೀಟರ್. ಹನ್ನೆರಡು ವರ್ಷ ಇದೇ ನೆಲದ ಮೇಲೆ ಜನರನ್ನು ನಡೆಸಿದವಳಿಗೆ ಆ ಅಂಕಿಯ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಐವತ್ತೆರಡರ ಹೆಂಗಸು ಆರೋಗ್ಯವಾಗಿದ್ದರೆ ಐನೂರರ ಹತ್ತಿರ ಬರಬೇಕು.

ಮನೆಯಲ್ಲಿ ಅತ್ತೆ ಇದನ್ನು ಯಂತ್ರವಿಲ್ಲದೆ, ಗಡಿಯಾರವಿಲ್ಲದೆ ಮೊದಲೇ ಕಂಡುಹಿಡಿದಿದ್ದರು. ಮೂರನೇ ಮಹಡಿಯ ಮನೆಗೆ ಐವತ್ತೆಂಟು ಮೆಟ್ಟಿಲು. ಸೊಸೆ ಎರಡು ಕಡೆ ಕೂತು ಎದ್ದು ಬರುವುದು ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

"ಎಪ್ಪತ್ತೆಂಟು ವರ್ಷದ ನಾನು ಒಂದೇ ಸಲಕ್ಕೆ ಹತ್ತಿ ಬರ್ತೀನಿ. ನಿನಗೇನೇ ಬಂದಿದೆ ಧಾಡಿ?"

"ನಾನು ಆರೋಗ್ಯವಾಗಿದ್ದೀನಂತೆ ಅತ್ತೆ. ಬರೆದುಕೊಟ್ಟಿದ್ದಾರೆ."

"ಬರೆದವರನ್ನ ಕರ್ಕೊಂಡು ಬಾ. ಮೆಟ್ಟಿಲ ಹತ್ರ ಕೂತು ನೋಡ್ಲಿ."

ಅಂದಿನಿಂದ ಮೀಟರಕ್ಕ ಆರೋಗ್ಯವಂತರನ್ನು ನೋಡುವ ರೀತಿ ಬದಲಾಯಿತು. ಲಿಫ್ಟಿನವನು ಐದನೆಯ ತಿರುವಿಗೇ ಮೊಣಕಾಲಿನ ಮೇಲೆ ಕೈಯೂರಿದ. ಲಾಂಡ್ರಿಯ ಗಟ್ಟಿಗಿತ್ತಿ, ಒದ್ದೆ ಹೊದಿಕೆಗಳ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದವಳು, ನಾಲ್ಕು ನಿಮಿಷಕ್ಕೆ ಕುರ್ಚಿ ಕೇಳಿದಳು. ನಡೆಯುವಾಗ ಮಾತಾಡಬಾರದೆಂದು ನಿಯಮವಿತ್ತು. ನಡೆದಾದ ಮೇಲೆ ಮಾತಾಡಬಾರದೆಂದು ಪಂಡಿತರು ಬರೆಯಲು ಮರೆತಿದ್ದರು. ಮೀಟರಕ್ಕ ಒಬ್ಬೊಬ್ಬರಿಗೂ ನೀರು ಕೊಟ್ಟು, ಮೆಲ್ಲಗೆ ಕೇಳಿದಳು.

"ಆವತ್ತು ನಿನಗೆ ಬಂದಿತ್ತಾ?"

"ಬಂದಿತ್ತು ಅಂತ ಹೇಗೆ ಹೇಳ್ಲಿ ಅಕ್ಕ," ಎಂದ ಲಿಫ್ಟಿನವನು. "ಒಂದು ವಾರ ಬಾಯಿಗೆ ಉಪ್ಪು ಖಾರ ಗೊತ್ತಾಗ್ಲಿಲ್ಲ. ಹೆಣಗಳನ್ನ ಕೆಳಗಿಳಿಸೋಕೆ ಲಿಫ್ಟ್ ಬೇಕಿತ್ತು. ರಜೆ ಎಲ್ಲಿ?"

ಅರ್ಜಿಯ ಕೊನೆಯಲ್ಲಿ 'ಇತರೆ ಟಿಪ್ಪಣಿ' ಎಂಬ ಎರಡು ಗೆರೆಯ ಜಾಗವಿತ್ತು. ಅಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: ನಡುವೆ ಎರಡು ಸಲ ನಿಂತರು. ಆ ವರ್ಷ ಏಳು ದಿನ ರುಚಿ ಇರಲಿಲ್ಲ. ಪರೀಕ್ಷೆ ಮಾಡಿಸಿಲ್ಲ. ತನಗಿಂತ ಮೊದಲು ನಡೆದವರನ್ನೂ ಹುಡುಕಿ ಕೇಳಿ ಬರೆದಳು. ಅರುವತ್ತು ಅರ್ಜಿಗಳಲ್ಲಿ ನಲವತ್ತಕ್ಕೆ ಹೀಗೇ ಬರೆಯಬೇಕಾಯಿತು. ಯಾರೂ ಏನೂ ಕೇಳಲಿಲ್ಲ. ಓದಿದರಲ್ಲವೇ ಕೇಳುವುದು.

ವರ್ಷ ಕಳೆಯುವಷ್ಟರಲ್ಲಿ ಫಲಿತಾಂಶ ಬಂತು. ರೋಗಿಗಳು ಸರಾಸರಿ ನಾನೂರ ಮೂವತ್ತೊಂದು ಮೀಟರ್. ಆರೋಗ್ಯವಂತರು ನಾನೂರ ಮೂವತ್ತಾರು. ವ್ಯತ್ಯಾಸವೇ ಇಲ್ಲ. ದೊಡ್ಡ ಡಾಕ್ಟರ ಸಂತೋಷಕ್ಕೆ ಪಾರವಿರಲಿಲ್ಲ. ನಮ್ಮ ಆಸ್ಪತ್ರೆಯಿಂದ ಹೋದವರು ಸಂಪೂರ್ಣ ಗುಣವಾಗಿದ್ದಾರೆ, ಉಳಿದಿರುವುದು ಮನಸ್ಸಿನ ಭಯ ಎಂದು ಭಾಷಣ ಸಿದ್ಧಪಡಿಸಿದರು. ಮನಸ್ಸಿನ ಭಯಕ್ಕೆ ಎರಡು ಕೋಣೆ ಯಾಕೆ? ಉಸಿರಾಟದ ಘಟಕವನ್ನು ತಿಂಗಳ ಕೊನೆಗೆ ಮುಚ್ಚಿ, ಅಲ್ಲಿ ಸಭಾಂಗಣ ಮಾಡುವುದೆಂದು ಆಡಳಿತದವರು ನಿರ್ಧರಿಸಿದರು. ನೂರಿಪ್ಪತ್ತು ರೋಗಿಗಳಿಗೂ ಅಭಿನಂದನೆಯ ಪತ್ರ ಹೋಯಿತು.

ಆ ಪತ್ರ ಹಿಡಿದು ರೋಗಿಗಳಲ್ಲೊಬ್ಬನಾದ ಅಂಚೆಯವನು ಕಾರಿಡಾರಿಗೆ ಬಂದ. ಊರೆಲ್ಲ ಸುತ್ತಿ ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡೆಯುತ್ತಿದ್ದವನು. ಈಗ ಅಂಚೆ ಕಚೇರಿಯಲ್ಲಿ ಕೂತು ಮುದ್ರೆ ಒತ್ತುತ್ತಿದ್ದ. ಇಪ್ಪತ್ತೆರಡು ದಿನ ಆಮ್ಲಜನಕದ ಮೇಲಿದ್ದು ಬದುಕಿದವನು. ಬೆಂಚಿನ ಮೇಲೆ ಕೂತು, ಉಸಿರು ಹದಕ್ಕೆ ಬರುವವರೆಗೆ ಕಾದು, ಪತ್ರ ಬಿಡಿಸಿದ.

"ಅಕ್ಕ, ಇದರಲ್ಲಿ ನಾನು ಆರೋಗ್ಯವಂತರ ಸಮ ಅಂತ ಇದೆ. ಅಂದ್ರೆ ನನಗೆ ಏನೂ ಆಗಿಲ್ವಾ?"

ಮೀಟರಕ್ಕ ಪತ್ರ ತೆಗೆದುಕೊಂಡು ಓದಿದಳು.

"ಮನೇಲಿ ಹೆಂಡ್ತಿನೂ ಓದಿದ್ಲು. ಓದಿ, ನೀರಿನ ಕೊಡ ತಂದು ನನ್ನ ಮುಂದೆ ಇಟ್ಟಳು, ಎತ್ತಿಡಿ ಅಂತ. ಮೂರು ವರ್ಷದಿಂದ ಯಾವತ್ತೂ ಹೇಳಿರ್ಲಿಲ್ಲ. ನಾನು ನಾಟಕ ಆಡ್ತಿದ್ದೀನಾ ಅಂತ ನನಗೇ ಅನುಮಾನ ಬಂದಿದೆ. ನೀವು ನನ್ನನ್ನ ನಡೆಸಿದವರು. ನೀವೇ ಹೇಳಿ."

ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ತನ್ನ ಕೆಲಸದ ಮೇಲೆ ಹೇಸಿಗೆಯಾಯಿತು. ಅವನು ನಾಟಕ ಆಡುತ್ತಿರಲಿಲ್ಲ. ಅವನನ್ನು ಯಾರ ಪಕ್ಕ ನಿಲ್ಲಿಸಿ ಎತ್ತರ ಅಳೆದಿದ್ದರೋ ಅವರೇ ಗುಂಡಿಯಲ್ಲಿ ನಿಂತಿದ್ದರು. ಆ ಗುಂಡಿಯಲ್ಲಿ ಅವಳೂ ಇದ್ದಳು.

"ನಿಮಗೆ ಆಗಿದೆ," ಎಂದಳು. "ಕೊಡ ಎತ್ತಬೇಡಿ. ಪತ್ರ ನನ್ನ ಹತ್ರ ಇರ್ಲಿ."

ಮಧ್ಯಾಹ್ನವೇ ಅರುವತ್ತು ಅರ್ಜಿಗಳನ್ನು ಬ್ಯಾಂಡೇಜಿನ ಬಟ್ಟೆಯಲ್ಲಿ ಕಟ್ಟಿಕೊಂಡು ಅಂಕಿಅಂಶದವರ ಕೋಣೆಗೆ ಹೋದಳು. ಲೆಕ್ಕವೆಲ್ಲ ಮಾಡಿಕೊಟ್ಟವರು ಅವರೇ, ರೋಗಿಯ ಮುಖ ಕಂಡವರಲ್ಲ. ದಪ್ಪ ಕನ್ನಡಕ, ಮೇಜಿನ ಮೇಲೆ ಆರಿದ ಟೀ.

"ಸಾರ್, ಈ ಕೊನೇ ಎರಡು ಗೆರೆ ನೀವು ಓದಿದ್ರಾ?"

"ಅದು ನನಗೆ ಬರಲೇ ಇಲ್ವಲ್ಲಮ್ಮ. ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಇಲ್ಲ. ಬರೀ ಅಂಕಿ ಬರುತ್ತೆ."

ಅವರು ಗಂಟು ಬಿಚ್ಚಿ ಓದತೊಡಗಿದರು. ಹತ್ತನೆಯದಕ್ಕೆ ಕನ್ನಡಕ ತೆಗೆದು ಒರೆಸಿದರು. ಇಪ್ಪತ್ತನೆಯದಕ್ಕೆ ಎದ್ದು ಬಾಗಿಲು ಹಾಕಿದರು.

"ನನಗೆ ಮೊದಲೇ ಅನುಮಾನ ಇತ್ತು," ಎಂದರು ತಗ್ಗಿದ ದನಿಯಲ್ಲಿ. "ಆರೋಗ್ಯವಂತರು ಇಷ್ಟು ಕಡಿಮೆ ನಡೆಯೋಕೆ ಹೇಗೆ ಸಾಧ್ಯ ಅಂತ ದೊಡ್ಡ ಡಾಕ್ಟರನ್ನ ಕೇಳಿದ್ದೆ. ಕಾರಿಡಾರಿನ ನೆಲ ಸರಿ ಇಲ್ಲ ಅಂದ್ರು."

"ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು. ಅದೇ ನೆಲದ ಮೇಲೆ ರೋಗಿಗಳೂ ನಡೆದಿದ್ದಾರಲ್ಲ ಸಾರ್."

ಅವರು ಉಳಿದ ಅರ್ಜಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಅಂಜುಬುರುಕ ಮನುಷ್ಯ ಒಮ್ಮೆ ಅಂಕಿಯ ಮೇಲೆ ಸಿಟ್ಟಾದರೆ ಯಾರ ಮಾತನ್ನೂ ಕೇಳುವುದಿಲ್ಲ. ಎಲ್ಲರಿಂದ ತೆಗೆದ ರಕ್ತ, ಮುಂದೆ ಬೇಕಾದೀತು ಎಂದು, ಪ್ರಯೋಗಾಲಯದ ಫ್ರೀಜರಿನಲ್ಲಿತ್ತು. ಅವರಿಗೆ ಹಾಕಿದ್ದ ಲಸಿಕೆಯಿಂದ ಬರದ, ಸೋಂಕು ತಗುಲಿ ಹೋದವರಲ್ಲಿ ಮಾತ್ರ ಉಳಿಯುವ ಒಂದು ಗುರುತು ರಕ್ತದಲ್ಲಿರುತ್ತದೆ. ಅದನ್ನು ಹುಡುಕಲು ಅವರು ನೀತಿ ಸಮಿತಿಯ ಅನುಮತಿ ಕೇಳಿದರು. ಅರುವತ್ತು ಮಂದಿಯಿಂದ ಒಪ್ಪಿಗೆಯ ಸಹಿ ತರಿಸಿದವಳು ಮೀಟರಕ್ಕ. ಲಿಫ್ಟಿನಲ್ಲೇ ಹದಿನೇಳು ಸಹಿ ಬಿದ್ದವು.

ಅರುವತ್ತರಲ್ಲಿ ಮೂವತ್ತೇಳು ಮಂದಿಯ ರಕ್ತದಲ್ಲಿ ಆ ಗುರುತಿತ್ತು.

"ಇದು ಖಚಿತವಾದ ಮೂವತ್ತೇಳು," ಎಂದರು ಅಂಕಿಅಂಶದವರು. "ವರ್ಷ ಕಳೆದಂತೆ ಗುರುತು ಮಾಸಿಹೋಗೋದೂ ಉಂಟು. ಇನ್ನೂ ಕೆಲವರು ಇರಬಹುದು."

ಉಳಿದ ಇಪ್ಪತ್ತಮೂರು ಮಂದಿಯ ಸರಾಸರಿ ನಾನೂರ ತೊಂಬತ್ತು ಮೀಟರ್. ಮೂವತ್ತೇಳು ಮಂದಿಯದು ನಾನೂರ ಎರಡು, ಅಂದರೆ ಆಸ್ಪತ್ರೆ ಸೇರಿ ಹೊರಬಂದ ರೋಗಿಗಳಿಗಿಂತಲೂ ಕಡಿಮೆ.

"ಅವರು ಮಲಗಿದ್ರು, ನಾವು ಕೆಲಸ ಮಾಡ್ತಿದ್ವಿ. ಅದಕ್ಕೇನಾ ಸಾರ್?"

"ಇರಬಹುದು. ಆದ್ರೆ ಈ ಲೆಕ್ಕದಿಂದ ಅದನ್ನ ಹೇಳೋಕಾಗಲ್ಲಮ್ಮ," ಎಂದರವರು. ಹಾಳೆ ಮಡಿಸಿಡುತ್ತಾ, "ಹೇಳೋಕಾಗಿದ್ರೆ ಚೆನ್ನಾಗಿತ್ತು," ಎಂದರು.

ದೊಡ್ಡ ಡಾಕ್ಟರು ಅವಳನ್ನು ಕರೆಸಿದರು. ಕುರ್ಚಿ ತೋರಿಸಲಿಲ್ಲ. ಮೇಜಿನ ಮೇಲೆ ಭಾಷಣದ ಹಾಳೆಗಳಿದ್ದವು.

"ಒಂದು ವರ್ಷದ ಕೆಲಸ ಹಾಳಾಯ್ತು. ನನ್ನ ಆರೋಗ್ಯವಂತರನ್ನೆಲ್ಲ ರೋಗಿಗಳನ್ನ ಮಾಡಿಬಿಟ್ರಿ."

"ನಾನು ಮಾಡಿದ್ದಲ್ಲ ಸಾರ್. ಅವರು ರೋಗಿಗಳಾಗಿ ಮೂರು ವರ್ಷ ಆಯ್ತು. ನೀವು ಆರೋಗ್ಯವಂತರನ್ನ ಮಾಡಿದ್ದು ಹೋದ ವರ್ಷ."

"ಟಿಪ್ಪಣಿ ಬರೆಯೋಕೆ ನಿಮಗೆ ಯಾರು ಹೇಳಿದ್ದು?"

"ಅರ್ಜಿಯೇ ಹೇಳಿತ್ತು ಸಾರ್. 'ಇದ್ದಲ್ಲಿ ಬರೆಯಿರಿ' ಅಂತ. ಇತ್ತು, ಬರೆದೆ."

ದೊಡ್ಡ ಡಾಕ್ಟರು ಕಿಟಕಿಯ ಹೊರಗೆ ನೋಡಿದರು. ಅವರು ದಡ್ಡರಾಗಿರಲಿಲ್ಲ, ದೊಡ್ಡವರಾಗಿದ್ದರು, ಅಷ್ಟೇ. ವ್ಯತ್ಯಾಸವಿಲ್ಲ ಎನ್ನುವ ಪ್ರಬಂಧಕ್ಕಿಂತ ವ್ಯತ್ಯಾಸವಿದೆ ಎನ್ನುವ ಪ್ರಬಂಧ ಒಳ್ಳೆಯ ಪತ್ರಿಕೆಯಲ್ಲಿ ಬರುತ್ತದೆಂಬುದು ಅವರಿಗೆ ಹೊಳೆಯಲು ಐದು ನಿಮಿಷ ಸಾಕಾಯಿತು. ಮುಂದಿನ ವಾರದ ಸಭೆಯಲ್ಲಿ, "ಆರೋಗ್ಯವಂತರ ಗುಂಪಿನ ಬಗ್ಗೆ ನನಗೆ ಆರಂಭದಿಂದಲೂ ಒಂದು ಅನುಮಾನವಿತ್ತು," ಎಂದು ಭಾಷಣ ಶುರುಮಾಡಿದರು. ಅಂಕಿಅಂಶದವರು ಕೆಮ್ಮಿದರು. ಸಭೆ ಚಪ್ಪಾಳೆ ತಟ್ಟಿತು.

ಹೊರಗಿನಿಂದ ಹೊಸ ಆರೋಗ್ಯವಂತರನ್ನು, ಈ ಸಲ ರಕ್ತ ಮೊದಲು ನೋಡಿ, ಹುಡುಕಿ ತಂದರು. ಮೀಟರಕ್ಕ ಅವರನ್ನೂ ನಡೆಸಿದಳು. ಪ್ರಬಂಧ ಹೊರಬಂತು. ಅದರಲ್ಲಿ ಹದಿನಾಲ್ಕು ಹೆಸರುಗಳಿದ್ದವು, ಆ ಪೈಕಿ ಇಬ್ಬರು ಕಾರಿಡಾರು ಯಾವ ಮಹಡಿಯಲ್ಲಿದೆ ಎಂದು ಅರಿಯದವರು. ಕೊನೆಯಲ್ಲಿ 'ಸಹಕರಿಸಿದ ಸಿಬ್ಬಂದಿಗೆ ವಂದನೆಗಳು' ಎಂದಿತ್ತು. ಅತ್ತೆಗೆ ಓದಿ ಹೇಳಿದಾಗ, "ಸಿಬ್ಬಂದಿ ಅಂದ್ರೆ ನೀನೊಬ್ಬಳೇನಾ?" ಎಂದು ಕೇಳಿದರು. ಹೌದೆಂದಳು. "ಹಾಗಾದ್ರೆ ಸರಿ," ಎಂದರು.

ಅಂಚೆಯವನಿಗೆ ಎರಡನೆಯ ಪತ್ರ ಹೋಯಿತು. ಮೊದಲನೆಯ ಪತ್ರವನ್ನು ಕಡೆಗಣಿಸಬೇಕಾಗಿ ಅದರಲ್ಲಿ ಕೋರಲಾಗಿತ್ತು. ಅವನು ಅದನ್ನು ಹೆಂಡತಿಯ ಕೈಗೆ ಕೊಟ್ಟನಂತೆ. ಅವಳು ಓದಿ, ಒಳಗೆ ಹೋಗಿ, ತುಂಬಾ ಹೊತ್ತು ಹೊರಗೆ ಬರಲಿಲ್ಲವಂತೆ. ಇಷ್ಟನ್ನು ಮೀಟರಕ್ಕನಿಗೆ ಹೇಳಿ ಅವನು ಬೇರೆ ಮಾತಿಗೆ ಹೋದ.

ಉಸಿರಾಟದ ಘಟಕ ಮುಚ್ಚಲಿಲ್ಲ. ಸಿಬ್ಬಂದಿಯ ಮೂವತ್ತೇಳು ಮಂದಿಯನ್ನು ಅಲ್ಲಿಗೆ ಸೇರಿಸಬೇಕೆಂದು ಅಂಕಿಅಂಶದವರು ಕಾಗದ ಬರೆದರು. ಆಡಳಿತ ಕಚೇರಿ ಒಪ್ಪಿತು, ಕೆಲಸದ ವೇಳೆಯ ಹೊರಗೆ ಎಂಬ ಷರತ್ತಿನ ಮೇಲೆ. ದಣಿದವರಿಗೆ ವಿಶ್ರಾಂತಿ ಕಲಿಸಲು ಅವರ ವಿಶ್ರಾಂತಿಯ ಹೊತ್ತನ್ನೇ ಆರಿಸಿದ್ದು ಕಚೇರಿಯ ಜಾಣತನ. ಕಳೆದುಹೋದ ಹದಿನಾಲ್ಕು ದಿನದ ರಜೆಗೆ ಮೀಟರಕ್ಕ ಅರ್ಜಿ ಹಾಕಿದಳು. ಆ ವರ್ಷದ ಪರೀಕ್ಷಾ ವರದಿ ಲಗತ್ತಿಸಿ ಎಂದು ಅರ್ಜಿ ಹಿಂದಿರುಗಿತು. ಪ್ರಬಂಧ ಲಗತ್ತಿಸಿದಳು. ಪ್ರಬಂಧದಲ್ಲಿ ಅರ್ಜಿದಾರರ ಹೆಸರು ಕಂಡುಬಂದಿಲ್ಲ ಎಂದು ಮತ್ತೆ ಹಿಂದಿರುಗಿತು.

ಈಗ ಪ್ರತಿ ಗುರುವಾರ ಸಂಜೆ ಅವಳು, ಲಿಫ್ಟಿನವನು, ಲಾಂಡ್ರಿಯ ಗಟ್ಟಿಗಿತ್ತಿ ನೆಲಮಹಡಿಯ ಕೋಣೆಯಲ್ಲಿ ಅಂಚೆಯವನ ಪಕ್ಕ ಕೂತು, ತುಟಿ ಮುಂದೆ ಮಾಡಿ ಉಸಿರು ಬಿಡುವುದನ್ನು ಅಭ್ಯಾಸ ಮಾಡುತ್ತಾರೆ. ಕಿರಿಯ ಡಾಕ್ಟರಮ್ಮ ಕಲಿಸುತ್ತಾಳೆ. ದಣಿಯುವ ಮೊದಲೇ ನಿಲ್ಲಬೇಕು, ನಿಂತದ್ದಕ್ಕೆ ನಾಚಬಾರದು ಎನ್ನುವುದು ಅಲ್ಲಿನ ದೊಡ್ಡ ಪಾಠ. ಲಾಂಡ್ರಿಯವಳಿಗೆ ಅದು ಇನ್ನೂ ಬಂದಿಲ್ಲ. ಕಳೆದ ತಿಂಗಳು ಮೀಟರಕ್ಕ ನಾನೂರ ಇಪ್ಪತ್ತೆಂಟು ನಡೆದಳು. ಅದಕ್ಕೂ ಹಿಂದಿನ ತಿಂಗಳು ನಾನೂರ ಮೂವತ್ತೆರಡು ಇತ್ತು. ಇಳಿಯಿತಲ್ಲ ಎಂದು ಅಂಚೆಯವನು ಪೇಚಾಡಿದ. ನಾಲ್ಕು ಮೀಟರ್ ಲೆಕ್ಕಕ್ಕಿಲ್ಲ, ಸುಮ್ಮನಿರಿ ಎಂದು ಅವಳೇ ಅವನಿಗೆ ಸಮಾಧಾನ ಹೇಳಿದಳು.